ಕೊಡಗಿನ ಕೊಟ್ಟಿಗೆಗಳಿಂದ ಬಂದ ಪ್ರಶ್ನೆಗಳು: ಹಸು, ಕರು, ಕಾಯಿಲೆ, ಮದ್ದು

ಪಶುವೈದ್ಯ ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯವರು ತಮ್ಮ ಹಸುವಿನ ಸುದ್ದಿ ತೆಗೆಯುತ್ತಾರೆ. ಸೋಮವಾರಪೇಟೆ ಕಡೆಯ ಹಾಲಿನ ಸೊಸೈಟಿಯ ಜಗಲಿಯಲ್ಲಿ, ಪೊನ್ನಂಪೇಟೆ ಕಡೆಯ ತೋಟದ ಕೆಲಸಗಾರರ ಲೈನ್ ಮನೆಗಳ ಮುಂದೆ, ಫೋನಿನಲ್ಲಿ, ಕಾಗದದಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಚುಚ್ಚುಮದ್ದು, ಮಾತ್ರೆಗಳ ಅಳತೆಗಳನ್ನು ಬೇಕೆಂದೇ ಬರೆದಿಲ್ಲ. 150 ಕಿಲೋ ತೂಗುವ ಮಲೆನಾಡು ಗಿಡ್ಡ ತಳಿಯ ಹಸುವಿಗೂ 400 ಕಿಲೋದ ಹೋಲ್‌ಸ್ಟೀನ್ ಫ್ರೀಸಿಯನ್ ಅಂದರೆ ಎಚ್‌ಎಫ್ ಮಿಶ್ರತಳಿಗೂ ಒಂದೇ ಅಳತೆ ಆಗುವುದಿಲ್ಲ.

## ಮೊದಲು ಗೊತ್ತಿರಬೇಕಾದದ್ದು

ಹಸುಗೆ ಹುಷಾರಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಅದು ಮಲಗಿಬಿಟ್ಟಿರುತ್ತೆ. ಮುಂಚೆನೇ ತಿಳಿಯೋದು ಹೇಗೆ?

ಬೆಳಿಗ್ಗೆ ಹಾಲು ಕರೆಯುವ ಮೊದಲು ಎರಡು ನಿಮಿಷ ಸುಮ್ಮನೆ ನಿಂತು ನೋಡಿ. ರಾತ್ರಿ ಹಾಕಿದ ಹುಲ್ಲು ಮುಗಿದಿದೆಯಾ? ಮೆಲುಕು ಹಾಕುತ್ತಿದೆಯಾ? ಮೂಗಿನ ತುದಿ ಒದ್ದೆಯಿದೆಯಾ, ಒಣಗಿದೆಯಾ? ಸಗಣಿ ಎಂದಿನ ಹದದಲ್ಲಿದೆಯಾ? ಇವುಗಳಲ್ಲಿ ಒಂದು ಕೆಟ್ಟರೂ ಜ್ವರ ನೋಡಬೇಕು. ಕಿವಿ ಮುಟ್ಟಿ ಜ್ವರ ಹೇಳುವುದು ನಮ್ಮ ಚಳಿಯಲ್ಲಿ ಮೋಸದ ಲೆಕ್ಕ. ಔಷಧಿ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಟ್ಟಿಗೆಗೆಂದೇ ಇಡಿ. ತುದಿಗೆ ಎಣ್ಣೆ ಸವರಿ, ಗುದದ್ವಾರದಲ್ಲಿ ಒಳಗೋಡೆಗೆ ತಾಗುವಂತೆ ಹಿಡಿಯಿರಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 104 ದಾಟಿದರೆ ಫೋನು ಮಾಡಿ. 100ಕ್ಕಿಂತ ಕೆಳಗಿದ್ದರೆ ಇನ್ನೂ ಬೇಗ ಮಾಡಿ.

ಹೊಟ್ಟೆಯ ಎಡಭಾಗದ ಗುಳಿಯ ಮೇಲೆ ಮುಷ್ಟಿ ಒತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಎರಡು ಮೂರು ಸಲ ಅಲೆ ಎದ್ದಂತೆ ಕೈಗೆ ತಾಗಬೇಕು. ಏನೂ ತಾಗದಿದ್ದರೆ ಮೆಲುಕು ಚೀಲ ನಿಂತಿದೆ ಎಂದು ಅರ್ಥ.

ಡಾಕ್ಟ್ರು ಬರೋದು ತಡ ಆಗುತ್ತೆ. ಅಷ್ಟರಲ್ಲಿ ನಮ್ಮ ನೋವಿನ ಮಾತ್ರೆ ಅರೆದು ಗೊಟ್ಟದಲ್ಲಿ ಕುಡಿಸಬಹುದಾ?

ಬೇಡ. ಮಾತ್ರೆಯದು ಒಂದು ಅಪಾಯವಾದರೆ ಮದ್ದು ಕುಡಿಸುವ ಕೊಳವೆಯಾದ ಗೊಟ್ಟದ್ದು ಇನ್ನೊಂದು. ಜ್ವರ ಬಂದು ನುಂಗಲಾರದ ಹಸುವಿನ ತಲೆ ಎತ್ತಿ ಹಿಡಿದು ಸುರಿದರೆ ಮದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರು ದಿನದ ಜ್ವರ ತಾನಾಗಿ ಇಳಿಯುವ ಕಾಯಿಲೆ. ಅದರಲ್ಲಿ ಸತ್ತ ಹಸುಗಳಲ್ಲಿ ನಾನು ಕಂಡ ಹಲವು ಸತ್ತದ್ದು ಗೊಟ್ಟದಿಂದ.

ಇನ್ನು ಮಾತ್ರೆ: ನೋವಿನ ಮದ್ದಾದ ಡೈಕ್ಲೋಫೆನಾಕ್ ಅನ್ನು ದನಗಳಿಗೆ ಬಳಸುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. ಆ ಮದ್ದು ಮೈಯಲ್ಲಿದ್ದು ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಈಗ ಅವು ಕಾಣಸಿಗುವುದೇ ಅಪರೂಪ.

1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ತಿಳಿಸುತ್ತಾರೆ. ಕರೆ ಮಾಡುವಾಗ ಜ್ವರ ಎಷ್ಟಿದೆ, ಕರು ಹಾಕಿ ಎಷ್ಟು ದಿನವಾಯಿತು, ಗಬ್ಬವಿದೆಯಾ, ಸಗಣಿ ಮೂತ್ರ ಹೇಗಿದೆ ಎಂದು ಹೇಳಿ. ‘ಮೇಯ್ತಾ ಇಲ್ಲ’ ಎಂದಷ್ಟೇ ಹೇಳಿದರೆ ನಮಗೂ ಯಾವ ಮದ್ದು ತರಬೇಕೆಂದು ಗೊತ್ತಾಗುವುದಿಲ್ಲ.

ವರ್ಷದಲ್ಲಿ ಯಾವ್ಯಾವ ಲಸಿಕೆ ಹಾಕಿಸ್ಬೇಕು?

ಕಾಲುಬಾಯಿ ರೋಗಕ್ಕೆ ಆರು ತಿಂಗಳಿಗೊಮ್ಮೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಸಲ, ತಿಂಗಳು ಬಿಟ್ಟು ಇನ್ನೊಮ್ಮೆ. ಗಳಲೆ ರೋಗ ಮತ್ತು ಚಪ್ಪೆ ರೋಗದ್ದು ವರ್ಷಕ್ಕೊಮ್ಮೆ, ಮೇ ತಿಂಗಳೊಳಗೆ. ಜೂನ್ ಮಳೆ ಹಿಡಿದ ಮೇಲೆ ಹಾಕಿಸಿದರೆ ರೋಗವೂ ಲಸಿಕೆಯೂ ಒಟ್ಟಿಗೇ ಬಂದಂತೆ. ರಕ್ಷಣೆ ಬೆಳೆಯಲು ಎರಡು ಮೂರು ವಾರ ಬೇಕು. ಚರ್ಮಗಂಟು ರೋಗಕ್ಕೆ ವರ್ಷಕ್ಕೊಮ್ಮೆ. ಕಂದು ರೋಗ, ಅಂದರೆ ಹಸು ದಿನ ತುಂಬುವ ಮೊದಲೇ ಕರು ಕಳೆದುಕೊಳ್ಳುವ ಬ್ರುಸೆಲ್ಲಾದ ಲಸಿಕೆ ಹೆಣ್ಣು ಕರುವಿಗೆ ಮಾತ್ರ, 4ರಿಂದ 8 ತಿಂಗಳ ನಡುವೆ, ಜೀವಮಾನಕ್ಕೆ ಒಂದೇ ಸಲ. ಎಲ್ಲರೂ ಮರೆಯುವುದು ಇದನ್ನೇ. ವಯಸ್ಸು ದಾಟಿದರೆ ಮತ್ತೆ ಹಾಕಲು ಬರುವುದಿಲ್ಲ.

ಲಸಿಕೆ ಹಾಕಿದ್ರೆ ಹಾಲು ಕಮ್ಮಿ ಆಗುತ್ತೆ, ಗಬ್ಬದ ಹಸು ಕಂದು ಹಾಕುತ್ತೆ ಅಂತಾರಲ್ಲ, ನಿಜಾನಾ?

ಹಾಲಿನದು ಅರ್ಧ ನಿಜ. ಎರಡು ಮೂರು ದಿನ ಒಂದಿಷ್ಟು ಇಳಿಯಬಹುದು, ಆಮೇಲೆ ಮೊದಲಿನಂತೆಯೇ ಬರುತ್ತದೆ. ಕಾಲುಬಾಯಿ ಬಂದರೆ ಆ ಸೂಲಿನ ಹಾಲೇ ಹೋದೀತು. ಗಬ್ಬದ ವಿಚಾರದಲ್ಲಿ, ಕಾಲುಬಾಯಿ ಲಸಿಕೆಯಲ್ಲಿರುವುದು ಸತ್ತ ವೈರಾಣು, ಅದು ಕಂದು ಹಾಕಿಸುವುದಿಲ್ಲ. ಆದರೆ ತುಂಬು ಗಬ್ಬದ ಹಸುವನ್ನು ನಾಲ್ಕು ಜನ ಹಿಡಿದು ಕೆಡವಿ ಚುಚ್ಚಿದರೆ ತೊಂದರೆಯಾಗಬಹುದು, ಹಾಗಾಗಿ ಕೊನೆಯ ತಿಂಗಳುಗಳಲ್ಲಿದ್ದರೆ ಮೊದಲೇ ಹೇಳಿ. ಆದರೆ ಬ್ರುಸೆಲ್ಲಾ ಲಸಿಕೆ ಜೀವಂತ ಲಸಿಕೆ. ಅದನ್ನು ಗಬ್ಬದ ಹಸುವಿಗೆ ಹಾಕುವುದೇ ಇಲ್ಲ.

ಕಿವಿಗೆ ಹಳದಿ ಓಲೆ ಯಾಕೆ? ಕಿತ್ತು ಹಾಕಿದ್ರೆ ಏನಾಗುತ್ತೆ?

ಅದರಲ್ಲಿರುವ 12 ಅಂಕಿಯೇ ನಿಮ್ಮ ಹಸುವಿನ ಗುರುತು. ವಿಮೆ, ಲಸಿಕೆಯ ದಾಖಲೆ ಎಲ್ಲ ಅದರ ಮೇಲೆ ನಿಂತಿದೆ. ಹಸು ಸತ್ತಾಗ ಓಲೆಯಿಲ್ಲದಿದ್ದರೆ ವಿಮೆಯ ಹಣಕ್ಕೆ ಅಲೆದಾಟ ಖಂಡಿತ. ಬಿದ್ದುಹೋದರೆ ಆ ವಾರವೇ ಬದಲಿ ಹಾಕಿಸಿಕೊಳ್ಳಿ.

## ಕರು

ಕಸ (ಮಾಸು) ಬೀಳೋವರೆಗೆ ಕರುಗೆ ಗಿಣ್ಣು ಕುಡಿಸಬಾರದು ಅಂತ ನಮ್ಮಜ್ಜಿ ಹೇಳ್ತಾರೆ. ಏನ್ ಮಾಡ್ಲಿ?

ಅಜ್ಜಿಗೆ ಎದುರು ಮಾತಾಡಬೇಡಿ, ಕರುವಿಗೆ ಕುಡಿಸಿ. ಹುಟ್ಟಿದ ಕರುವಿನ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ತಾಯಿಯ ಗಿಣ್ಣದಿಂದಲೇ ಬರಬೇಕು. ಕರುಳು ಆ ಶಕ್ತಿಯನ್ನು ಹಾಗೇ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. ಗಂಟೆ ಕಳೆದಂತೆ ಬಾಗಿಲು ಮುಚ್ಚುತ್ತಾ ಬಂದು ದಿನ ತುಂಬುವಷ್ಟರಲ್ಲಿ ಪೂರ್ತಿ ಮುಚ್ಚಿರುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಮೊದಲ ದಿನ ಹೊಟ್ಟೆ ಸೇರಬೇಕು. ಅದರಲ್ಲಿ ಅರ್ಧ ಮೊದಲ ಎರಡು ಗಂಟೆಯೊಳಗೆ.

ಕರು ಮೊಲೆ ಚೀಪಿದರೆ ತಾಯಿಯ ಗರ್ಭಕೋಶ ಹಿಂಡಿಕೊಂಡು ಕಸವೂ ಬೇಗ ಬೀಳುತ್ತದೆ. ಅಜ್ಜಿಗೆ ಬೇಕಾದದ್ದೂ ಅದೇ ಅಲ್ಲವೇ? 12 ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರಿಗೆ ಹೇಳಿ. ನೇತಾಡುವ ಕಸಕ್ಕೆ ಕಲ್ಲು, ಹಳೇ ಚಪ್ಪಲಿ ಕಟ್ಟಬೇಡಿ. ಅದು ಹರಿದು ಅರ್ಧ ಒಳಗೇ ಉಳಿದು ಕೊಳೆಯುತ್ತದೆ. ಕರುವಿನ ಹೊಕ್ಕಳ ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದುವುದನ್ನೂ ಮರೆಯಬೇಡಿ. ಮಂಡಿ ಊದಿ ಕುಂಟುವ ಎಷ್ಟೋ ಕರುಗಳ ರೋಗ ಹೊಕ್ಕಳಿನಿಂದ ಹೊಕ್ಕಿದ್ದು.

ಹದಿನೈದು ದಿನದ ಕರು, ಬಿಳಿ ಭೇದಿ, ಕೆಟ್ಟ ವಾಸನೆ. ಹಾಲು ನಿಲ್ಲಿಸ್ಲಾ?

ಪೂರ್ತಿ ನಿಲ್ಲಿಸಿದರೆ ಸೋಲುತ್ತದೆ. ಸ್ವಲ್ಪ ಸ್ವಲ್ಪವಾಗಿ ಹಾಲು ಕೊಡಿ. ನಡುನಡುವೆ ಓಆರ್‌ಎಸ್ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಕುಡಿಸಿ. ಕಣ್ಣು ಒಳಗೆ ಹೋಗಿದ್ದರೆ, ಕತ್ತಿನ ಚರ್ಮ ಎತ್ತಿ ಬಿಟ್ಟಾಗ ಹಾಗೇ ನಿಂತರೆ, ಚೀಪುವ ಶಕ್ತಿ ಇಲ್ಲದಿದ್ದರೆ ನರಕ್ಕೆ ಗ್ಲೂಕೋಸ್ ಹಾಕಲೇಬೇಕು. ಮಣ್ಣಿನ ಬಣ್ಣದ ದುರ್ವಾಸನೆಯ ಭೇದಿಯಾದರೆ ಜಂತು ಇರಬಹುದು. ಒಂದು ಬಗೆಯ ದುಂಡು ಹುಳು ತಾಯಿಯ ಹಾಲಿನಲ್ಲೇ ಕರುವಿಗೆ ಬರುತ್ತದೆ. ಅದಕ್ಕೇ ಮೊದಲ ಜಂತಿನ ಮದ್ದನ್ನು ಎರಡು ವಾರದೊಳಗೆ ಕೊಡಬೇಕು, ಮುಂದೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

## ಮಳೆಗಾಲ

ಕಕ್ಕಡ (ಆಟಿ ತಿಂಗಳು) ಮುಗಿಯೋವರೆಗೆ ಕೊಟ್ಟಿಗೆ ಒಣಗೋದೇ ಇಲ್ಲ. ಗೊರಸು ಕೊಳೆತು ಕುಂಟ್ತಾ ಇವೆ.

ನಮ್ಮ ಜಿಲ್ಲೆಯ ದನಗಳಿಗೆ ಸಿಡಿಲಿಗಿಂತ ಹೆಚ್ಚು ಕಾಟ ಕೊಟ್ಟಿರುವುದು ಒದ್ದೆ ನೆಲ. ನೆನೆದು ಮೆತ್ತಗಾದ ಗೊರಸಿನ ಸಂದಿನಲ್ಲಿ ಸಗಣಿ ಸೇರಿದರೆ ರೋಗಾಣುವಿಗೆ ಮನೆ ಸಿಕ್ಕಂತೆ. ನಿಮಗೆ ಬೇಕಾದ ಮದ್ದು ಕಾಫಿ ಗೋದಾಮಿನಲ್ಲೇ ಇದೆ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕಿ, ಕಾಲು ತೊಳೆದ ಮೇಲೆ ಐದಾರು ನಿಮಿಷ ನಿಲ್ಲಿಸಿ. ವಾರಕ್ಕೆರಡು ಸಲ ಸಾಕು. ಕಬ್ಬಿಣದ ಪಾತ್ರೆ ಬೇಡ. ಮುಗಿದ ನೀರನ್ನು ದನ ಕುಡಿಯುವಲ್ಲಿ, ತೋಡಿಗೆ ಚೆಲ್ಲಬೇಡಿ, ತಾಮ್ರ ವಿಷ.

ಕೊಟ್ಟಿಗೆಯ ನೆಲಕ್ಕೆ ಹಿಂದಕ್ಕೆ ಇಳಿಜಾರು ಇರಲಿ. ಕಾಫಿ ಸಿಪ್ಪೆ, ಭತ್ತದ ಹೊಟ್ಟು, ಒಣಗಿದ ಸಿಲ್ವರ್ ಓಕ್ ಎಲೆ ಹರವಿ ದಿನಾ ಬದಲಿಸಿ. ಟಾರ್ಪಾಲ್ ಕಟ್ಟಿ ನಾಲ್ಕೂ ಕಡೆ ಮುಚ್ಚಿಬಿಡುವ ಅಭ್ಯಾಸವೂ ನಮ್ಮಲ್ಲಿದೆ. ಒಳಗೆ ಮೂತ್ರದ ಘಾಟಿಗೆ ನಿಮ್ಮ ಕಣ್ಣುರಿದರೆ ಹಸುವಿನ ಶ್ವಾಸಕೋಶವೂ ಉರಿಯುತ್ತಿರುತ್ತದೆ. ಮಾಡಿನ ಕೆಳಗೆ ಒಂದು ಮೊಳ ಗಾಳಿಗೆ ಬಿಡಿ.

ಮೂಗಲ್ಲಿ ಒಂದೇ ಹೊಳ್ಳೆಯಿಂದ ರಕ್ತ ತೊಟ್ಟಿಕ್ತಾ ಇದೆ, ತಲೆ ಕೊಡವುತ್ತೆ. ಜ್ವರ ಇಲ್ಲ.

ಒಳಗೆ ಜಿಗಣೆ ಇರಬಹುದು. ಕಾಲಿಗೆ ಹತ್ತುವ ಉಂಬಳ ಬೇರೆ, ಇದು ತೋಡಿನ ನೀರು ಕುಡಿಯುವಾಗ ಮೂಗಿಗೆ ಹೊಕ್ಕು ವಾರಗಟ್ಟಲೆ ಕೂರುವ ಜಾತಿ. ಕೆಲವು ಗಂಟೆ ನೀರು ಕೊಡದೆ ಕಟ್ಟಿ, ಆಮೇಲೆ ಬಾಯಿಯ ಮುಂದೆ ತಣ್ಣೀರಿನ ಬಕೆಟ್ ಹಿಡಿಯಿರಿ. ನೀರಿನ ವಾಸನೆಗೆ ಜಿಗಣೆ ಹೊರಗೆ ಚಾಚುತ್ತದೆ. ಒರಟು ಬಟ್ಟೆಯಲ್ಲಿ ಉಪ್ಪು ಹಿಡಿದು ಗಬಕ್ಕನೆ ಹಿಡಿಯಬೇಕು. ಒಬ್ಬರಿಂದಾಗದ ಕೆಲಸ, ತಾಳ್ಮೆಯೂ ಬೇಕು. ಎರಡು ಮೂರು ಸಲಕ್ಕೂ ಸಿಗದಿದ್ದರೆ ವೈದ್ಯರು ತೆಗೆಯುತ್ತಾರೆ.

ಎತ್ತು ನಿಂತಲ್ಲೇ ಗೊರಕೆ ಹೊಡೆಯುತ್ತೆ. ಮುದಿ ಆಯ್ತು ಅಂತ ಬಿಟ್ಟಿದ್ವಿ.

ಮುಪ್ಪಿನಿಂದ ಬರುವ ಗೊರಕೆ ಇದಲ್ಲ. ಇದಕ್ಕೆ ಗೊರಕೆ ರೋಗ ಎಂದೇ ಹೆಸರು. ಸಣ್ಣ ಹುಳುಗಳು ಮೂಗಿನ ಒಳಪದರದ ರಕ್ತನಾಳಗಳಲ್ಲಿ ವಾಸಿಸುತ್ತವೆ. ಟಾರ್ಚ್ ಬಿಟ್ಟು ನೋಡಿದರೆ ಹೂಕೋಸಿನಂಥ ಗಂಟುಗಳು ಕಾಣುತ್ತವೆ. ಸಿಂಬಳದಲ್ಲಿ ಮೊಟ್ಟೆ ನೀರಿಗೆ ಬೀಳುತ್ತದೆ, ಮರಿ ಬಸವನಹುಳುವಿನೊಳಗೆ ಬೆಳೆದು ಮತ್ತೆ ನೀರಿಗೆ ಬಂದು, ಆ ನೀರಿನಲ್ಲಿ ನಿಂತ ದನದ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಆದ್ದರಿಂದ ಕುಡಿಯುವ ನೀರನ್ನು ಬದಲಿಸಿದರಷ್ಟೇ ಸಾಲದು, ಕೆರೆಯಲ್ಲಿ, ನಿಂತ ನೀರಿನ ಗದ್ದೆಯಲ್ಲಿ ದನ ನಿಲ್ಲುವುದನ್ನೇ ತಪ್ಪಿಸಬೇಕು. ಮದ್ದು ಇದೆ, ಒಂದೇ ಚುಚ್ಚಿಗೆ ಮುಗಿಯುವುದಿಲ್ಲ. ಮತ್ತೆ ಅದೇ ಕೆರೆಗೆ ಇಳಿಸಿದರೆ ಮುಂದಿನ ವರ್ಷವೂ ಗೊರಕೆ ಕೇಳಿಸುತ್ತದೆ.

ಪುತ್ತರಿ (ಸುಗ್ಗಿ ಹಬ್ಬ) ಆದ್ಮೇಲೆ ಗದ್ದೆಗೆ ಬಿಟ್ವಿ. ಈಗ ದವಡೆ ಕೆಳಗೆ ನೀರು ತುಂಬಿದ ಹಾಗೆ ಊತ, ಹಸು ಸೊರಗಿದೆ.

ಯಕೃತ್ತಿನಲ್ಲಿ ಚಪ್ಪಟೆ ಹುಳು ಇರಬಹುದು. ಇದಕ್ಕೂ ಬಸವನಹುಳುವೇ ಮಧ್ಯವರ್ತಿ. ಆದರೆ ಈ ಹುಳುವಿನ ಮರಿ ಚರ್ಮ ಕೊರೆಯುವುದಿಲ್ಲ, ಬದುವಿನ ಹಸಿ ಹುಲ್ಲಿಗೆ ಅಂಟಿಕೊಂಡು ಬಾಯಿಯ ಮೂಲಕ ಹೋಗುತ್ತದೆ. ರಕ್ತದಲ್ಲಿ ಸತ್ವ ಇಳಿದಾಗ ಗದ್ದದ ಕೆಳಗೆ ನೀರು ತುಂಬುತ್ತದೆ. ಕಣ್ಣಿನ ಒಳ ರೆಪ್ಪೆ ಎಳೆದು ನೋಡಿ, ಬಿಳಿಚಿಕೊಂಡಿರುತ್ತದೆ.

ಹಿಡಿ ಸಗಣಿಯನ್ನು ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಯಾವ ಹುಳು ಎಂದು ತಿಳಿಯದೆ ಅಂಗಡಿಯವರು ಕೊಟ್ಟ ಜಂತಿನ ಮದ್ದು ಸುರಿಯುವುದು ನಮ್ಮಲ್ಲಿ ದೊಡ್ಡ ಚಾಳಿ. ದುಂಡು ಹುಳುವಿನ ಮದ್ದಿಗೆಲ್ಲ ಚಪ್ಪಟೆ ಹುಳು ಬಗ್ಗುವುದಿಲ್ಲ. ಆಲ್ಬೆಂಡಜೋಲ್ ಅನ್ನು ಗಬ್ಬದ ಮೊದಲ ತಿಂಗಳುಗಳಲ್ಲಿ ಕೊಡಲೂಬಾರದು.

ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲು ಒಣಗಿಸಿ ಹಾಕಬಹುದಾ?

ಒಣಗಿಸಿದರೆ ವಾಸನೆ ಹೋದೀತು, ವಿಷ ಹೋಗುವುದಿಲ್ಲ. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದು ಬಾಲದ ತುದಿ, ಕಿವಿಯ ಅಂಚು, ಗೊರಸಿನ ಮೇಲಿನ ಚರ್ಮ ಕಪ್ಪಾಗಿ ಒಣಗಿ ಉದುರುವ ರೋಗವೊಂದಿದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ವಿಷ ಹಾಲಿಗೂ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಅಂಥ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಿ. ಚೆನ್ನಾಗಿರುವ ಭತ್ತದ ಹುಲ್ಲಿಗೂ ಒಂದು ಕೊರತೆಯಿದೆ: ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ಬರೀ ಹುಲ್ಲಿನ ಮೇಲಿರುವ ಹಸುವಿಗೆ ದಿನಾ ಖನಿಜ ಮಿಶ್ರಣ ಬೇಕೇ ಬೇಕು.

ಗುಡ್ಡ ಕುಸಿಯೋ ಭಯ ಇದ್ದಾಗ ದನಗಳನ್ನ ಏನ್ ಮಾಡೋದು?

ಹಗ್ಗ ಬಿಚ್ಚಿ. 2018ರ ಆಗಸ್ಟ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಒಯ್ಯಲು ಆಗದಿದ್ದರೂ ಬಿಟ್ಟು ಹೋಗಿ, ಕಟ್ಟಿ ಹೋಗಬೇಡಿ. ಸುಲಭವಾಗಿ ಬಿಚ್ಚುವ ಗಂಟನ್ನೇ ಹಾಕುವುದು ಜೂನ್‌ನಿಂದಲೇ ಅಭ್ಯಾಸವಾಗಲಿ. ಕಿವಿ ಓಲೆಯ ಸಂಖ್ಯೆ, ಹಸುವಿನ ಫೋಟೋ ಮೊಬೈಲಿನಲ್ಲಿರಲಿ. ಹಿಂತಿರುಗಿ ಬಂದಾಗ ಮುಳುಗಿದ್ದ ಹಿಂಡಿ ಚೀಲವನ್ನು ಒಣಗಿಸಿ ಹಾಕುವ ಆಸೆ ಬೇಡ.

## ಉಣ್ಣೆ ಮತ್ತು ತೋಟ

ಹಸು ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಮಾಡ್ತಾ ಇದೆ. ಉಣ್ಣೆ ಜ್ವರಾನಾ?

ಆಗಿರಬಹುದು, ಆಗಿರದೆಯೂ ಇರಬಹುದು. ಕೆಂಪು ಮೂತ್ರಕ್ಕೆ ನಾನು ಮೂರು ಕಾರಣ ಹುಡುಕುತ್ತೇನೆ.

ಜ್ವರ 104-105 ಇದ್ದು, ಕಣ್ಣು ಬಿಳಿಚಿಕೊಂಡು, ಮೈಮೇಲೆ ಉಣ್ಣೆ ಇದ್ದರೆ ಬೆಬಿಸಿಯಾ. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರಿದ ಜೀವಿ ಕೆಂಪು ಕಣಗಳನ್ನು ಒಡೆಯುತ್ತದೆ, ಆ ಬಣ್ಣವೇ ಮೂತ್ರದಲ್ಲಿ ಬರುತ್ತದೆ. ಜ್ವರವೇ ಇಲ್ಲ, ಕರು ಹಾಕಿ ಎರಡು ನಾಲ್ಕು ವಾರವಾಗಿದೆ, ಚೆನ್ನಾಗಿ ಹಾಲು ಕೊಡುವ ಹಸು ಎಂದಾದರೆ ರಂಜಕದ ಕೊರತೆ. ಇದಕ್ಕೆ ಬೆಬಿಸಿಯಾದ ಮದ್ದು ಕೊಟ್ಟರೆ ದಿನ ವ್ಯರ್ಥ. ಮೂತ್ರದಲ್ಲಿ ರಕ್ತದ ಹೆಪ್ಪು ಕಾಣುತ್ತದೆ, ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತದೆ, ಹಸು ಗುಡ್ಡದ ಅಂಚಿನಲ್ಲಿ ಜರೀಗಿಡ ಮೇಯುತ್ತದೆ ಎಂದಾದರೆ ಬ್ರ್ಯಾಕನ್ ಜರಿಯ ವಿಷ. ಅದು ಮೂತ್ರಕೋಶದಲ್ಲಿ ಗೆಡ್ಡೆ ಬೆಳೆಸುತ್ತದೆ. ಅಷ್ಟಾದ ಮೇಲೆ ಗುಣಪಡಿಸುವ ಮದ್ದಿಲ್ಲ, ಮೇಯದಂತೆ ತಡೆಯುವುದೇ ದಾರಿ.

ಮೂತ್ರ ಸರಿಯಿದ್ದು, ಜ್ವರ ಏರಿ, ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕರೆ ಉಣ್ಣೆಯಿಂದಲೇ ಬರುವ ಥೈಲೇರಿಯಾ. ಮಿಶ್ರತಳಿಗೆ ಇದು ಯಮ. ಬುಪಾರ್ವಾಕ್ವೋನ್ ಎಂಬ ಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ, ಬೇಗ ಹಾಕಿದರೆ ಮಾತ್ರ. ರಕ್ತದ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಹಚ್ಚಿ ನೋಡಿದರೆ ಯಾವ ಜೀವಿ ಎಂದು ತಿಳಿಯುತ್ತದೆ. ಆ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ.

ಉಣ್ಣೆಗೆ ಎಷ್ಟು ಮದ್ದು ಹೊಡೆದ್ರೂ ಮತ್ತೆ ಬರುತ್ತಲ್ಲ?

ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ನೆಲಕ್ಕೆ ಉದುರಿ ಗೋಡೆಯ ಬಿರುಕಿನಲ್ಲಿ ಎರಡು ಮೂರು ಸಾವಿರ ಮೊಟ್ಟೆಯಿಡುತ್ತದೆ. ನೀವು ಹಸುವಿಗೆ ಮಾತ್ರ ಮದ್ದು ಹಚ್ಚುತ್ತಿದ್ದೀರಿ. ಬಿರುಕುಗಳಿಗೆ ಸುಣ್ಣ ಬಳಿಯಿರಿ, ಕೊಟ್ಟಿಗೆಗೂ ಸಿಂಪಡಿಸಿ, ಎರಡು ಮೂರು ವಾರಕ್ಕೆ ಮರಳಿ ಮಾಡಿ. ಅಂಗಳದ ಕೋಳಿಗಳೂ ಕೈಲಾದಷ್ಟು ಹೆಕ್ಕುತ್ತವೆ. ಹಾಲು ಕೊಡುವ ಹಸುವಿಗೆ ಐವರ್‌ಮೆಕ್ಟಿನ್ ಬೇಡ, ಹಾಲಿನಲ್ಲಿ ವಾರಗಟ್ಟಲೆ ಬರುತ್ತದೆ.

ಬೋರ್ಡೋ ಹೊಡೆದ ತೋಟದಲ್ಲಿ ಹುಲ್ಲು ಕೊಯ್ಯಬಹುದಾ? ಗೊಬ್ಬರದ ಚೀಲ ನೆಕ್ಕಿದ್ರೆ?

ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹುಲ್ಲಿನ ಮೇಲೆ ನೀಲಿ ಕಲೆಯಾಗಿ ಕಾಣುತ್ತಿರುವಷ್ಟು ದಿನ ಕೊಯ್ಯಬೇಡಿ. ಕುರಿ ಇದ್ದರೆ ಇನ್ನೂ ಎಚ್ಚರ, ತಾಮ್ರವನ್ನು ಕುರಿ ತಾಳಲಾರದು. ಕೀಟನಾಶಕ ಹೊಡೆದಿದ್ದರೆ ಡಬ್ಬಿಯ ಮೇಲಿನ ದಿನ ಎಣಿಸಿ. ಜೊಲ್ಲು, ನಡುಕ, ಕಣ್ಣುಗುಡ್ಡೆ ಸಣ್ಣದಾಗುವುದು ಕೆಲವು ಕೀಟನಾಶಕಗಳ ಲಕ್ಷಣ. ವೈದ್ಯರಿಗೆ ಡಬ್ಬಿಯನ್ನೇ ತೋರಿಸಿ, ಅದರ ಪ್ರಕಾರ ಚುಚ್ಚುಮದ್ದು.

ಯೂರಿಯಾ ನೆಕ್ಕಿದ ಹಸು ಅರ್ಧ ಗಂಟೆಯಲ್ಲೇ ಹೊಟ್ಟೆ ಉಬ್ಬಿ ಒದ್ದಾಡಬಹುದು. ಇದೊಂದರಲ್ಲಿ ನೀವೇ ಮೊದಲ ಮದ್ದು ಕೊಡಬೇಕಾಗುತ್ತದೆ: ನುಂಗುವ ಸ್ಥಿತಿಯಲ್ಲಿದ್ದರೆ ಅಡುಗೆಯ ವಿನೆಗರ್ ಎರಡು ಮೂರು ಲೀಟರ್, ಜೊತೆಗೆ ಸಾಕಷ್ಟು ತಣ್ಣೀರು, ನಿಧಾನವಾಗಿ. ಪಂದಿ ಕರಿಗೆ ಹಾಕುವ ಹುಳಿಯಾದ ಕಾಚಂಪುಳಿ ಹಾಕಬಹುದಾ ಎಂದು ಒಬ್ಬರು ಕೇಳಿದ್ದರು. ಹುಳಿ ಹುಳಿಯೇ, ಆದರೆ ಅಷ್ಟು ಕಾಚಂಪುಳಿ ಯಾರ ಮನೆಯಲ್ಲಿರುತ್ತದೆ?

## ಹಾಲು, ಕೆಚ್ಚಲು, ಗಬ್ಬ

ಡೈರಿಯಲ್ಲಿ ಹಾಲು ವಾಪಸ್ ಕಳಿಸಿದ್ರು. ನೋಡೋಕೆ ಚೆನ್ನಾಗೇ ಇದೆ, ಕೆಚ್ಚಲೂ ಊದಿಲ್ಲ.

ಕಾಣದ ಕೆಚ್ಚಲು ಬಾವು ಇರಬಹುದು. ಒಳಗೆ ಸೋಂಕಿದೆ, ಹೊರಗೆ ಗುರುತಿಲ್ಲ. ಹಾಲು ನಿಧಾನವಾಗಿ ಇಳಿಯುತ್ತದೆ, ಉಪ್ಪುಪ್ಪಾಗುತ್ತದೆ, ಕಾಯಿಸಿದರೆ ಒಡೆಯುತ್ತದೆ. ಕಪ್ಪು ಬಟ್ಟೆಯ ಮೇಲೆ ಪ್ರತಿ ಮೊಲೆಯ ಮೊದಲ ನಾಲ್ಕು ಧಾರೆ ಕರೆದು ನೋಡಿ, ಸಣ್ಣ ಗಸಿ ಕಂಡರೆ ಆ ಮೊಲೆಯೇ ಕಳ್ಳ. ಏನೂ ಕಾಣದಿದ್ದರೆ ನಾಲ್ಕು ಗುಳಿಯ ತಟ್ಟೆಯಲ್ಲಿ ಹಾಲಿಗೆ ದ್ರಾವಣ ಬೆರೆಸುವ ಸಿಎಂಟಿ ಪರೀಕ್ಷೆ ಮಾಡಿಸಿ. ಕೆಟ್ಟ ಮೊಲೆಯ ಹಾಲು ಲೋಳೆಯಾಗುತ್ತದೆ.

ತಡೆಯುವುದು ಸುಲಭ, ದಿನಾ ಮಾಡುವುದು ಕಷ್ಟ: ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ತಿನ್ನಲು ಹುಲ್ಲು ಹಾಕಿ ಅರ್ಧ ಗಂಟೆ ಮಲಗಲು ಬಿಡಬೇಡಿ. ಮೊಲೆಯ ತೂತು ಮುಚ್ಚಲು ಅಷ್ಟು ಹೊತ್ತು ಬೇಕು. ಬಾವು ಇರುವ ಹಸುವನ್ನು ಕೊನೆಗೆ ಕರೆಯಿರಿ. ಕರ್ನಾಟಕದ ಮೊದಲ ಡೈರಿ 1955ರಲ್ಲಿ ನಮ್ಮ ಕೂಡಿಗೆಯಲ್ಲೇ ಶುರುವಾದದ್ದು. ಈಗ ನಮ್ಮ ಹಾಲು ಹಾಸನದ ಒಕ್ಕೂಟಕ್ಕೆ ಸೇರುತ್ತದೆ. ಒಬ್ಬರ ಕೆಟ್ಟ ಹಾಲು ಸೊಸೈಟಿಯ ಇಡೀ ಕ್ಯಾನನ್ನು ಕೆಡಿಸುತ್ತದೆ. ವಾಪಸ್ ಕಳಿಸಿದವರ ಮೇಲೆ ಸಿಟ್ಟಾಗಬೇಡಿ.

ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಹಚ್ತಾರೆ. ಕೆಲಸ ಮಾಡುತ್ತಾ?

ಶುರುವಿನಲ್ಲಿ ಮಾಡುತ್ತದೆ, ನಾನೂ ಹೇಳುತ್ತೇನೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಅಂದರೆ ಎನ್‌ಡಿಡಿಬಿ ಪ್ರಚಾರ ಮಾಡಿದ ಅಳತೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿ, ಹಾಲು ಪೂರ್ತಿ ಕರೆದು ತೊಳೆದ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹಚ್ಚಬೇಕು. ದಿನಕ್ಕೆ ಎರಡು ಸಲ ಹಚ್ಚಿ ಆಗಲಿಲ್ಲ ಎನ್ನುವವರೇ ಹೆಚ್ಚು. ಜ್ವರ ಬಂದಿದ್ದರೆ, ಹಾಲು ನೀರಾಗಿದ್ದರೆ ಅಥವಾ ರಕ್ತ ಬಂದರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ ಕಾಯಬೇಡಿ.

ಇಂಜೆಕ್ಷನ್ ಹಾಕಿದ ಮೇಲೆ ಎಷ್ಟು ದಿನ ಹಾಲು ಹಾಕಬಾರದು?

ಬಾಟಲಿಯ ಮೇಲೆ ಬರೆದಷ್ಟು. ಕೊನೆಯ ಚುಚ್ಚಿನಿಂದ ಎಣಿಸಬೇಕು, ಮೊದಲ ಚುಚ್ಚಿನಿಂದಲ್ಲ. ಬಾವು ಒಂದೇ ಮೊಲೆಗಿದ್ದರೂ ನಾಲ್ಕೂ ಮೊಲೆಯ ಹಾಲು ಬೇಡ. ಆ ಹಾಲನ್ನು ಕರುವಿಗೂ ಹಾಕಬೇಡಿ.

ಕರು ಹಾಕಿ ಮಾರನೇ ದಿನ ಹಸು ಎದ್ದಿಲ್ಲ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿದೆ.

ಹಾಲು ಜ್ವರ ಎನ್ನುತ್ತೇವೆ, ಆದರೆ ಜ್ವರ ಇರುವುದಿಲ್ಲ. ಮೈ ತಣ್ಣಗಿರುತ್ತದೆ. ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಹಾಲಿಗೆ ಇಳಿದುಹೋದದ್ದು. ಎದೆಯ ಮೇಲೆ ಕೂರುವಂತೆ ಹುಲ್ಲಿನ ಚೀಲ ಒತ್ತುಕೊಡಿ, ಅಡ್ಡ ಬಿದ್ದರೆ ಹೊಟ್ಟೆ ಉಬ್ಬುತ್ತದೆ. ಬಾಯಿಗೆ ಏನೂ ಹಾಕಬೇಡಿ. ವೈದ್ಯರು ನರಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಬಿಡುತ್ತಾರೆ. ‘ಬೇಗ ಬಿಡಿ ಸಾರ್, ಮಳೆ ಬರ್ತಿದೆ’ ಎಂದು ಅವಸರಿಸಬೇಡಿ, ವೇಗ ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಬಾಟಲಿ ಮುಗಿಯುವಷ್ಟರಲ್ಲಿ ತೇಗಿ, ಸಗಣಿ ಹಾಕಿ ಏಳುವ ಹಸುವನ್ನು ನೋಡುವುದು ನಮ್ಮ ವೃತ್ತಿಯಲ್ಲಿರುವ ಕೆಲವೇ ಸುಖಗಳಲ್ಲೊಂದು.

ಹಾಲು ಬತ್ತಿಸಿದ ತಿಂಗಳುಗಳಲ್ಲಿ ಕ್ಯಾಲ್ಸಿಯಂ ಟಾನಿಕ್ ಸುರಿಯುವುದು ಉಲ್ಟಾ ಹೊಡೆಯುತ್ತದೆ. ಆಗ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಕೆಲಸವನ್ನು ದೇಹ ಮರೆತಿರುತ್ತದೆ.

ನಾಲ್ಕು ಸಲ ಬೀಜ ಕೊಡಿಸಿದ್ವಿ, ನಿಲ್ತಾನೇ ಇಲ್ಲ.

ಮೊದಲು ಹೊತ್ತು ಸರಿಯಿತ್ತಾ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ಕೀವಿನ ಎಳೆ ಕಂಡರೆ ಬೀಜ ಕೊಡಿಸುವುದು ದಂಡ, ಗರ್ಭಕೋಶ ತೊಳೆಸಬೇಕು. ಕಟ್ಟಿಹಾಕಿದ ಒಂಟಿ ಹಸುವಿನ ಬೆದೆ ಹಲವರ ಕಣ್ಣಿಗೆ ಬೀಳುವುದೇ ಇಲ್ಲ. 21 ದಿನದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

## ಅಂಟುರೋಗ, ಮತ್ತು ಮನುಷ್ಯರಿಗೂ ಬರುವಂಥವು

ಪಕ್ಕದ ಊರಲ್ಲಿ ಕಾಲುಬಾಯಿ ಬಂದಿದೆ. ನಮ್ಮ ತೋಟಕ್ಕೆ ಬಯಲುಸೀಮೆಯಿಂದ ಗೊಬ್ಬರದ ಲಾರಿ ಬರುತ್ತೆ. ಭಯನಾ?

ಭಯ ಇರಲಿ. ವೈರಾಣು ಸಗಣಿಯಲ್ಲಿ, ಹುಲ್ಲಿನಲ್ಲಿ, ಲಾರಿಯ ಚಕ್ರದಲ್ಲಿ, ನಿಮ್ಮ ಗಂಬೂಟಿನಲ್ಲಿ ಬರುತ್ತದೆ. ಗೊಬ್ಬರವನ್ನು ಕೊಟ್ಟಿಗೆಯಿಂದ ದೂರ ಇಳಿಸಿ ಮುಚ್ಚಿಡಿ. ಕೊಟ್ಟಿಗೆಯ ಬಾಗಿಲಲ್ಲಿ ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಗೋಣಿ ನೆನೆಸಿ ಹಾಸಿ, ತುಳಿದು ಒಳಗೆ ಬನ್ನಿ. ಸಂತೆಯಿಂದ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟಿ.

ಬಂದೇಬಿಟ್ಟರೆ ಬಾಯಿ ಹುಣ್ಣು ತೊಳೆದು ಮೆತ್ತಗಿನ ಗಂಜಿ ಕೊಡಿ, ಗೊರಸಿಗೆ ಹುಳು ಬೀಳದಂತೆ ನೋಡಿ. ವಾಸಿಯಾದ ಮೇಲೂ ಕೆಲವು ಹಸುಗಳು ಬಿಸಿಲಲ್ಲಿ ನಾಯಿಯಂತೆ ಏದುತ್ತವೆ, ರೋಮ ಉದ್ದ ಬೆಳೆಯುತ್ತದೆ. ಅದು ರೋಗ ಬಿಟ್ಟುಹೋದ ಗುರುತು.

ಏಳು ತಿಂಗಳಿಗೆ ಕಂದು ಹಾಕ್ತು. ಕೈಯಲ್ಲೇ ಎಳೆದು ಹಾಕಿದ್ವಿ. ಪರವಾಗಿಲ್ವಾ?

ಬ್ರುಸೆಲ್ಲಾ ಆಗಿದ್ದರೆ ನಿಮಗೂ ಅಂಟಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು ಕಂಡರೆ ನಿಮ್ಮ ಡಾಕ್ಟರಿಗೆ ಈ ಸಂಗತಿ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಹಸುವಿನ ರಕ್ತ ಪರೀಕ್ಷೆ ಮಾಡಿಸಿ. ಇನ್ನು ಮುಂದೆ ಕೈಗವಸು ಇಲ್ಲದೆ ಮುಟ್ಟಬೇಡಿ, ಕಂದು ಮತ್ತು ಕಸವನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿ, ನಾಯಿ ಎಳೆಯದಂತೆ. ಹಾಲು ಕುದಿಸಿಯೇ ಕುಡಿಯಿರಿ.

ಹುಚ್ಚುನಾಯಿ ಕಚ್ಚಿದ್ದ ಹಸು ಸತ್ತಿತು. ಅದರ ಹಾಲು ಕುಡಿದಿದ್ದೀವಿ!

ಕುದಿಸಿ ಕುಡಿದಿದ್ದರೆ ಹೆದರಬೇಡಿ. ಹಸಿ ಹಾಲು ಕುಡಿದವರು, ಅದರ ಬಾಯಿಗೆ ಕೈ ಹಾಕಿದವರು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಬೇಕು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಜೊಲ್ಲು ಸುರಿಸಿ, ವಿಚಿತ್ರವಾಗಿ ಕೂಗುವ ಹಸುವಿನ ಬಾಯಿಗೆ ಬರಿಗೈ ಹಾಕಲೇಬೇಡಿ. ನಾಯಿ ಕಚ್ಚಿದ ಕೂಡಲೇ ಗಾಯವನ್ನು 15 ನಿಮಿಷ ಸೋಪಿನಿಂದ ತೊಳೆದು, 0, 3, 7, 14, 28ನೇ ದಿನಗಳಲ್ಲಿ ಲಸಿಕೆ ಹಾಕಿಸಿದರೆ ಹಸುವನ್ನೂ ಉಳಿಸಬಹುದು.

ರಾತ್ರಿ ಚೆನ್ನಾಗಿದ್ದ ಹಸು ಬೆಳಿಗ್ಗೆ ಸತ್ತಿದೆ, ಮೂಗಲ್ಲಿ ಕಪ್ಪು ರಕ್ತ. ಕೊಯ್ದು ನೋಡೋದಾ?

ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ರಕ್ತ ಹೆಪ್ಪುಗಟ್ಟದಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನ. ಗಾಳಿ ತಾಗಿದರೆ ರೋಗಾಣು ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ, ಮನುಷ್ಯರಿಗೂ ಬರುತ್ತದೆ. ವೈದ್ಯರು ಕಿವಿಯ ನರದಿಂದ ಒಂದು ಹನಿ ತೆಗೆದು ನೋಡುತ್ತಾರೆ. ಆಮೇಲೆ ಆರಡಿ ಆಳ, ಸುಣ್ಣ.

ಹುಲಿ ಹಸು ಹಿಡೀತು. ಹೂಳಿಬಿಟ್ರೆ ಪರಿಹಾರ ಸಿಗುತ್ತಾ?

ಹೂಳುವ ಮೊದಲು ಫೋಟೋ ತೆಗೆದು ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ. ಕಳೇಬರ ಬಿದ್ದಲ್ಲೇ ಇರಲಿ. ಕತ್ತಿನ ಹಲ್ಲಿನ ಗುರುತು, ಹೆಜ್ಜೆ, ಕಿವಿ ಓಲೆ ಮಹಜರಿಗೆ ಬೇಕು. ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಹಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನಿಮ್ಮದೇ ನಾಯಿಯೂ ಅದನ್ನು ತಿಂದು ಸಾಯುತ್ತದೆ.

ಹಂದಿಗಳು ಒಂದರ ಹಿಂದೆ ಒಂದು ಸಾಯ್ತಾ ಇವೆ. ಉಳಿದವನ್ನ ಬೇಗ ಮಾರಿಬಿಡ್ಲಾ?

ಮಾರಬೇಡಿ. ಆಫ್ರಿಕನ್ ಹಂದಿ ಜ್ವರ ದೇಶಕ್ಕೆ 2020ರಲ್ಲಿ ಬಂತು. ಅದಕ್ಕೆ ಮದ್ದಿಲ್ಲ. ಹಳೆಯ ಹಂದಿ ಜ್ವರಕ್ಕೆ ಲಸಿಕೆ ಇದೆ, ಆದರೆ ಆ ಲಸಿಕೆ ಇದನ್ನು ತಡೆಯುವುದಿಲ್ಲ. ಎರಡರಲ್ಲೂ ಜ್ವರ, ಕಿವಿ ಹೊಟ್ಟೆಯ ಚರ್ಮ ಕೆಂಪಾಗುವುದು, ಸಾಲು ಸಾವು ಒಂದೇ ಥರ, ಪ್ರಯೋಗಾಲಯದಲ್ಲಷ್ಟೇ ಬೇರೆ ಮಾಡಬಹುದು. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ಸೋಂಕಿದ ಹಂದಿಯ ಮಾಂಸ ಒಂದು ಮನೆಯಲ್ಲಿ ಪಂದಿ ಕರಿಯಾಗಿ, ತೊಳೆದ ನೀರು, ಹಸಿ ಚೂರು ಇನ್ನೊಂದು ಮನೆಯ ಹಂದಿಯ ತೊಟ್ಟಿಗೆ ಬಿದ್ದರೆ ಸಾಕು. ಹೋಟೆಲಿನ, ಮದುವೆ ಮನೆಯ ಮುಸುರೆ ತರುವವರು ಅರ್ಧ ಗಂಟೆ ಕುದಿಸಿ, ಆರಿಸಿ ಹಾಕಿ. ಈಗ ಸಾಯುತ್ತಿರುವ ಗೂಡಿಗೆ ಹೋದ ಬಟ್ಟೆ ಚಪ್ಪಲಿಯಲ್ಲಿ ಬೇರೆ ಗೂಡಿಗೆ ಹೋಗಬೇಡಿ, ಇಂದೇ ಪಶು ಆಸ್ಪತ್ರೆಗೆ ತಿಳಿಸಿ.